ಬಲಕ್ಕೆ ವಾಲಿದ ಕೂಸು

ಕೂಸು ಬಲಕ್ಕೆ ವಾಲಿತು. ಸರಿಮಾಡಿ ಮಲಗಿಸಿದೆ. ಮತ್ತೆ ಬಲಕ್ಕೇ ವಾಲಿತು.

ಇಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ನನಗೆ ಗೊತ್ತು. "ಆಯಿ, ನೀ ಯಾವಾಗಲೂ ನಡುವ ಹಿಡದು ಹೇಳ್ತಿ, ಮೊದಲಿಂದ ಹೇಳು" ಎಂದು ನನ್ನ ಮೊಮ್ಮಗಳು ಜಗಳ ತೆಗೆಯುತ್ತಾಳೆ. ಒಂದನೇ ಇಯತ್ತೆಗೆ ಹೋಗುತ್ತಾಳೆ. ಮುಂದಿನ ಹಲ್ಲು ಬಿದ್ದಿವೆ, ಆ ಸಂದಿಯಿಂದ ಸೀಟಿ ಹೊಡೆಯುವುದನ್ನು ಕಲಿತಿದ್ದಾಳೆ, ಇಡೀ ಓಣಿಗೆ ಕೇಳುತ್ತದೆ. ಅವಳ ಸುದ್ದಿ ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಆದರೆ ನಾನು ಹೇಳಹೊರಟಿದ್ದು ಅವಳು ಇನ್ನೂ ಹೊಟ್ಟೆಯಲ್ಲಿದ್ದಾಗಿನ ಮಾತು. ಒಂದು ಗುಳಿಗೆಯನ್ನು ನುಂಗಲೋ ಬಿಡಲೋ ಎಂದು ನಾನು ಒದ್ದಾಡಿದ ಮಾತು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು; ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ರಾಣೇಬೆನ್ನೂರಿನಲ್ಲಿ ನಾನು ಬಾಣಂತಿಯರಿಗೆ, ಕೂಸುಗಳಿಗೆ ಎರೆಯುವವಳು. ಬೆಳಿಗ್ಗೆ ಒಂದು ಮನೆ, ಅದು ಮುಗಿದರೆ ಇನ್ನೊಂದು. ಮೊದಲು ಬಾಣಂತಿಗೆ ಮೈತುಂಬ ಎಣ್ಣೆ ತಿಕ್ಕಿ, ತಡೆಯುವಷ್ಟು ಬಿಸಿನೀರು ಹಾಕಿ, ಬೆಚ್ಚಗೆ ಹೊದಿಸಿ ಮಲಗಿಸಬೇಕು. ಆಮೇಲೆ ಕೂಸು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಮೊಣಕಾಲಿನ ಮೇಲೆ ಏರಿಸಿ, ಎರಡೂ ಕಾಲು ಜೋಡಿಸಿ ಉದ್ದಕ್ಕೆ ಚಾಚಬೇಕು. ಆಗ ಮೊಣಕಾಲಿನ ಕೆಳಗೆ, ಎರಡು ಕಾಲಿನ ನಡುವೆ ಒಂದು ತಗ್ಗು ಬೀಳುತ್ತದೆ. ಕೂಸು ಮಲಗುವುದು ಅಲ್ಲಿ. ತಲೆ ನನ್ನ ಪಾದದ ಕಡೆಗೆ, ಅದರ ಕಾಲು ನನ್ನ ಹೊಟ್ಟೆಯ ಕಡೆಗೆ. ಮೊದಲು ಅಂಗಾತ ಮಲಗಿಸಿ ನೆತ್ತಿ, ಎದೆ, ಹೊಟ್ಟೆ, ಕೈಕಾಲು. ಆಮೇಲೆ ಬೋರಲು ಹಾಕಿ ಬೆನ್ನು. ಬೋರಲು ಹಾಕಿದಾಗ ಎರಡೂ ಕೈಗೆ ಕೆಲಸ ಇರುತ್ತದೆ: ಒಂದು ನೀರು ಹಾಕಲು, ಒಂದು ತಿಕ್ಕಲು. ಮೈಗೆ ಎಣ್ಣೆ ಬೇರೆ. ಆಗ ಕೂಸನ್ನು ಹಿಡಿದುಕೊಳ್ಳುವುದು ಆ ತಗ್ಗೇ ಹೊರತು ಬೇರೇನೂ ಅಲ್ಲ.

ಆ ತಗ್ಗು ನನಗೆ ಎಂದೂ ಕೈಕೊಟ್ಟಿರಲಿಲ್ಲ. ಆ ದಿನ ಕೊಟ್ಟಿತು. ಅದು ಕಿರಾಣಿ ಅಂಗಡಿಯವರ ಮನೆ. ಬಾಣಂತಿಯ ಅತ್ತೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾಕವಾ, ಕೂಸು ಒಂದ ಕಡೆ ಯಾಕ ಹೊಂಟೈತಿ? ಕಾಲು ನೆಟ್ಟಗ ಚಾಚು."

"ನೆಟ್ಟಗ ಅದಾವ್ರಿ ಅಮ್ಮಾರ."

"ನೆಟ್ಟಗಿದ್ದರ ಅದ್ಯಾಕ ಜಾರತೈತಿ? ಈಗಿಂದಾನ ಅಜ್ಜನ ಅಂಗಡಿ ಕಡೆ ಹೊಂಟೈತೇನು?"

ನಕ್ಕೆವು. ನಾನು ಒಂದು ಕೈಯಲ್ಲಿ ಕೂಸನ್ನು ಹಿಡಿದುಕೊಂಡೇ ಹೇಗೋ ಮುಗಿಸಿದೆ. ಕೂಸನ್ನು ಅವರ ಕೈಗೆ ಕೊಟ್ಟ ಮೇಲೆ ನನ್ನ ಕಾಲುಗಳನ್ನು ನಾನೇ ನೋಡಿಕೊಂಡೆ. ಎಡಗಾಲು ಬಾತಿತ್ತು. ಮೀನಖಂಡದ ಹತ್ತಿರ ಚರ್ಮ ಬಿಗಿದು ಮಿಂಚುತ್ತಿತ್ತು. ಎಡಗಾಲು ಎತ್ತರವಾಗಿ ಬಲಗಾಲು ಕೆಳಗೆ ಉಳಿದಿತ್ತು, ಅದಕ್ಕೇ ಕೂಸು ಆ ಕಡೆ ವಾಲುತ್ತಿತ್ತು. ಮುಟ್ಟಿದರೆ ಬಿಸಿ.

ಬಿಸಿ ಎಂದರೆ ನನಗೆ ಆಗ ಹೊಸದೇನಲ್ಲ. ಅದಕ್ಕೆ ಒಂದೂವರೆ ವರ್ಷ ಮೊದಲು ಹುಬ್ಬಳ್ಳಿಯಲ್ಲಿ ನನ್ನ ಬಲಗಡೆಯ ಮೊಲೆ ತೆಗೆದಿದ್ದರು. ಕ್ಯಾನ್ಸರ್. ಕಂಕುಳಿನ ಗಂಟುಗಳಿಗೂ ಸ್ವಲ್ಪ ಹತ್ತಿತ್ತು ಎಂದರು. ಗಾಯ ಮಾಯ್ದ ಮೇಲೆ ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು, ಟಾಮೋಕ್ಸಿಫೆನ್ ಎಂದು ಅದರ ಹೆಸರು. ಹೆಂಗಸಿನ ಮೈಯಲ್ಲಿ ಹುಟ್ಟುವ ಒಂದು ರಸ ನನ್ನಂಥವರ ರೋಗಕ್ಕೆ ಉಣಿಸಾಗುತ್ತದಂತೆ. ಗುಳಿಗೆ ಆ ಉಣಿಸು ರೋಗಕ್ಕೆ ಮುಟ್ಟದಂತೆ ಅಡ್ಡ ನಿಲ್ಲುತ್ತದಂತೆ. ವರ್ಷಗಟ್ಟಲೆ ನುಂಗಬೇಕು. ಹುಬ್ಬಳ್ಳಿಯ ಆಪರೇಷನ್ ಡಾಕ್ಟರು ಅವತ್ತೇ ಹೇಳಿದ್ದರು: "ಗುಳಿಗಿಗೆ ಗುಣಾನೂ ಅದಾವು, ತ್ರಾಸೂ ಅದಾವು. ಮೈ ಕುದಿಯತೈತಿ, ಅದಕ್ಕ ಅಂಜಬ್ಯಾಡ್ರಿ. ಮುಟ್ಟು ನಿಂತಾಕಿಗೆ ಮತ್ತ ರಕ್ತ ಕಂಡರ ಆವತ್ತ ಬರ್ರಿ. ಕಾಲು ಬಾತರ, ಉಸಿರು ಹಿಡದಂಗಾದರ ಬರ್ರಿ." ಕುದಿಯುವುದು ನೆನಪಿತ್ತು, ರಕ್ತ ನೆನಪಿತ್ತು. ಕಾಲಿನ ಮಾತು ಮಾತ್ರ ತಲೆಯಿಂದ ಜಾರಿ ಹೋಗಿತ್ತು.

ಆ ಕುದಿ ನನ್ನ ಕೆಲಸಕ್ಕೇ ಕಲ್ಲು ಹಾಕಿತ್ತು. ಎರೆಯುವವರು ನೀರಿನ ಹದವನ್ನು ಮೊಣಕೈ ಅದ್ದಿ ನೋಡುತ್ತಾರೆ. ಬೆರಳು ದಿನವೂ ಸುಟ್ಟು ಒರಟಾಗಿರುತ್ತವೆ, ಅವನ್ನು ನಂಬುವ ಹಾಗಿಲ್ಲ. ಗುಳಿಗೆ ಶುರುವಾದ ಮೇಲೆ ಕೂತಲ್ಲೇ ಎದೆಯಿಂದ ಬೆಂಕಿ ಎದ್ದು ಕಿವಿ, ಕೆನ್ನೆಗೆ ಏರುತ್ತಿತ್ತು. ಬೆವರು ಕೂಸಿನ ಮೇಲೆ ಹನಿಯುತ್ತಿತ್ತು. ಮೈಯೇ ಕುದಿಯುವಾಗ ಮೊಣಕೈ ಏನು ಹೇಳೀತು? ಒಮ್ಮೆ ಹದವಾಗಿದೆ ಎಂದುಕೊಂಡು ನೀರಿನ ಚೆರಿಗೆ ಎತ್ತಿದ್ದೆ, ಬಾಣಂತಿಯ ಅತ್ತೆ ಬೆರಳದ್ದಿ "ಅಯ್ಯ, ಕೂಸಿನ ಚರ್ಮ ಸುಲಿತೀಯೇನವಾ!" ಎಂದು ಕಸಿದುಕೊಂಡರು. ಅಂದಿನಿಂದ ನೀರಿನ ಹದ ನೋಡಲು ಮನೆಯವರನ್ನು ಕರೆಯತೊಡಗಿದೆ. ಎರೆಯುವವಳು ಬಂದು "ನೀರು ನೋಡ್ರಿ" ಎನ್ನುವುದೆಂದರೆ, ರೊಟ್ಟಿ ಬಡಿಯುವವಳು ಹಿಟ್ಟು ನಾದಿಕೊಡ್ರಿ ಎಂದ ಹಾಗೆ. ಆದರೂ ನುಂಗುತ್ತಿದ್ದೆ. ರೋಗ ಮತ್ತೆ ಬರಬಾರದಿತ್ತು. ಯಾಕೆಂದರೆ ಮದುವೆಯಾಗಿ ಏಳು ವರ್ಷದ ಮೇಲೆ ಬ್ಯಾಡಗಿಯಲ್ಲಿದ್ದ ನನ್ನ ಮಗಳು ಬಸುರಾಗಿದ್ದಳು. ಊರ ಕೂಸುಗಳಿಗೆಲ್ಲ ಎರೆದವಳ ಮನೆಯಲ್ಲಿ ಒಂದು ಕೂಸಿಲ್ಲ ಎಂದು ಜನ ಆಡಿಕೊಂಡಿದ್ದನ್ನು ನಾನು ಕೇಳಿದ್ದೆ. ಈಗ ಐದನೇ ತಿಂಗಳು!

ಎಣ್ಣೆ ತಿಕ್ಕುವವಳಿಗೆ ಬಾವು ಕಂಡರೆ ಕೈ ತಡೆಯುವುದಿಲ್ಲ. ಅದೂ ಅಲ್ಲದೆ ಅಂಗಡಿಯವರ ಮನೆಯ ಅಮ್ಮ "ಉಳುಕಿರತೈತಿ, ಬಿಸಿ ಎಣ್ಣಿ ಹಚ್ಚಿ ಕೆಳಗಿಂದ ಮ್ಯಾಲ ತೀಡು" ಎಂದರು. ಮನೆಗೆ ಬಂದು ಹರಳೆಣ್ಣೆ ಕಾಯಿಸಿ ತಿಕ್ಕಿದೆ. ಪಕ್ಕದ ಮನೆಯ ಬಳೆ ಮಾರುವ ಬೂಬವ್ವ ಬಂದವಳು ನನ್ನ ಕೈಯಿಂದ ಎಣ್ಣೆ ಬಟ್ಟಲು ಕಸಿದುಕೊಂಡು, "ನಿನ್ನ ಕಾಲು ನೀನ ತಿಕ್ಕಿದರ ಜೋರು ಎಲ್ಲಿ ಬರತೈತಿ ಅಕ್ಕಾ, ತಾ ಇಲ್ಲಿ" ಎಂದು ತಾನೂ ಬಲವಾಗಿ ತಿಕ್ಕಿದಳು. ಮರುದಿನ ಬಾವು ಮೊಣಕಾಲಿನವರೆಗೆ ಏರಿತ್ತು. ಆ ದಿನ ಎರಡು ಮನೆಯಲ್ಲೂ ಕೂಸು ವಾಲಿತು. ನೋವಿಗಾಗಿ ಆಗಿದ್ದರೆ ನಾನು ಇನ್ನೂ ನಾಲ್ಕು ದಿನ ತಡೆಯುತ್ತಿದ್ದೆ. ಕೂಸು ಕೈಜಾರಿದರೆ ಎಂಬ ದಿಗಿಲಿಗೆ ದವಾಖಾನೆಗೆ ಹೋದೆ.

ನಮ್ಮೂರ ಹೆರಿಗೆ ದವಾಖಾನೆಯ ಡಾಕ್ಟರ ಬಾಯಿಯವರಿಗೆ ನಾನು ಪರಿಚಯದವಳೇ. ಅವರಲ್ಲಿ ಹಡೆದವರಿಗೆ ಆಮೇಲೆ ಎರೆಯುವುದು ನಾನು.

"ಏನಾಗೈತಿ?"

"ಕೂಸು ಬಲಕ್ಕ ವಾಲಾಕತ್ತೈತ್ರಿ."

"ಎಷ್ಟು ತಿಂಗಳ ಕೂಸು? ಕರಕೊಂಡು ಬಂದೀರೇನು?"

"ಕೂಸಿಗೇನೂ ಆಗಿಲ್ರಿ. ಆಗಿದ್ದು ನನ್ನ ಕಾಲಿಗೆ."

ಅವರು ಜೋರಾಗಿ ನಕ್ಕರು. ನಾನು ಸೀರೆ ಎತ್ತಿ ಕಾಲು ತೋರಿಸಿದೆ. ನಗು ನಿಂತಿತು. ಟೇಪು ತಂದು ಎರಡೂ ಕಾಲಿನ ಸುತ್ತಳತೆ ನೋಡಿದರು. ಪಾದವನ್ನು ಮೇಲಕ್ಕೆ ಮಡಿಸಿದರು, ನಾನು ಚೀರಿದೆ.

"ತಿಕ್ಕೀರೇನು ಇದನ್ನ?"

"ತಿಕ್ಕೇನ್ರಿ. ಬೂಬವ್ವನೂ ತಿಕ್ಯಾಳ."

"ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ. ಒಳಗ ನರದಾಗ ರಕ್ತ ಗಡ್ಡಿ ಕಟ್ಟೈತಿ ಅನ್ನಸ್ತೈತಿ. ತಿಕ್ಕಿದರ ಅದರ ತುಣುಕು ಕಿತಗೊಂಡು ಮ್ಯಾಲ ಹೋಗಿ ಎದ್ಯಾಗ ಸಿಕ್ಕೊಂತೈತಿ. ಆಮ್ಯಾಲ ಉಸಿರ ಇರೂದಿಲ್ಲ." ಆಮೇಲೆ ಕೇಳಿದರು: "ಆ ಗುಳಿಗಿ ದಿನಾ ತಗೋತೀರಲ್ಲ?"

"ಒಂದ ದಿನ ತಪ್ಪಿಸಿಲ್ರಿ" ಎಂದೆ, ಶಾಬಾಸ್ ಎನ್ನುತ್ತಾರೇನೋ ಎಂಬಂತೆ. ಅವರು ತಲೆ ಆಡಿಸಿದರು. ಆ ಗುಳಿಗೆಯಿಂದಲೇ ರಕ್ತ ಗಡ್ಡೆ ಕಟ್ಟುವುದು ಉಂಟಂತೆ. ಎಲ್ಲರಿಗೂ ಅಲ್ಲ, ಕೆಲವರಿಗೆ. ನಾನು ಆ ಕೆಲವರಲ್ಲಿ ಬಿದ್ದಿದ್ದೆ. ಯಾವುದು ಕಾಯುತ್ತದೆ ಎಂದು ದಿನವೂ ದೇವರ ಹೆಸರು ಹೇಳಿ ನುಂಗಿದೆನೋ ಅದೇ ನನ್ನ ಕಾಲಿನಲ್ಲಿ ಕೂತಿತ್ತು.

ಅಂದೇ ಹುಬ್ಬಳ್ಳಿಗೆ ಹೋಗಬೇಕೆಂದರು. ಬೂಬವ್ವ ಬಳೆಯ ಪೆಟ್ಟಿಗೆಯನ್ನು ಮನೆಯಲ್ಲಿ ಎಸೆದು ಜೊತೆಗೆ ಹೊರಟಳು. ಪ್ಯಾಸೆಂಜರ್ ಗಾಡಿಯ ಸೀಟಿನ ಮೇಲೆ ನನ್ನನ್ನು ಮಲಗಿಸಿ, ಕಾಲಿನ ಕೆಳಗೆ ಬಟ್ಟೆಯ ಗಂಟು ಇಟ್ಟು, "ನಾ ತಿಕ್ಕಿದ್ದಕ್ಕ ಏನರ ಆದರ ನನ್ನ ಕೊಂದುಬಿಡು ಅಕ್ಕಾ" ಎಂದು ಅಳುತ್ತಿದ್ದಳು. "ಏನರ ಆದ ಮ್ಯಾಲ ನಾ ಹೆಂಗ ಕೊಲ್ಲಲೇ?" ಎಂದೆ. ಅಳುತ್ತಲೇ ನಕ್ಕಳು.

ಬ್ಯಾಡಗಿಯ ಸ್ಟೇಷನ್ ಬಂದಿದ್ದು ಕಣ್ಣು ಮುಚ್ಚಿದ್ದರೂ ತಿಳಿಯುತ್ತದೆ. ಮೆಣಸಿನಕಾಯಿಯ ಘಾಟಿಗೆ ಡಬ್ಬಿಯವರೆಲ್ಲ ಸೀನತೊಡಗಿದರು. ಅಳಿಯ ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಡಾಕ್ಟರ ಬಾಯಿ ಆ ಅಂಗಡಿಗೆ ಫೋನು ಮಾಡಿಸಿದ್ದರು. ಮಗಳು ಹೊಟ್ಟೆ ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಹುಡುಕುತ್ತ ಬಂದಳು.

"ಅವ್ವಾ, ಏಳಬ್ಯಾಡ, ಮಲಕೊ. ಇಲ್ಲಿಂದಾನ ಮಾತಾಡ್ತೀನಿ."

"ನೀ ಯಾಕ ಓಡಿ ಬಂದಿ? ಈ ಘಾಟಿನ್ಯಾಗ ಬಸುರಿ ಬರಬಾರದು."

"ನಾ ಇಲ್ಲೇ ಇರಾಕಿ, ನನಗ ಘಾಟ ಇಲ್ಲ. ಅವ್ವಾ, ಕೇಳಿಲ್ಲಿ. ನಾ ನಿನ್ನ ಕಡೆನ ಹಡೀತೀನಿ. ನನ್ನ ಕೂಸಿಗೆ ನೀನ ಎರೀಬೇಕು. ಬ್ಯಾರೆಯವರ ಕಾಲ ಮ್ಯಾಲ ನಾ ಹಾಕೂದಿಲ್ಲ ನೋಡು, ಹೇಳೇನಿ."

ಗಾಡಿ ಹೊರಟಿತು. ಅವಳ ಪಕ್ಕದಲ್ಲಿ ಅಳಿಯ ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ, ಕೊಡುವುದನ್ನೇ ಮರೆತಿದ್ದ.

ಹುಬ್ಬಳ್ಳಿಯಲ್ಲಿ ಕಾಲಿನ ನರಕ್ಕೆ ಔಷಧ ಬಿಟ್ಟು ಚಿತ್ರ ತೆಗೆದರು. ಗಡ್ಡೆ ಇದ್ದದ್ದು ಖರೆ. ಮಂಚದ ಕಾಲಿನ ಕಡೆಗೆ ಇಟ್ಟಿಗೆ ಇಟ್ಟು ಎತ್ತರಿಸಿದರು. ರಕ್ತ ತೆಳ್ಳಗಾಗಲು ಮೊದಲು ಸೂಜಿ, ಆಮೇಲೆ ಬೇರೊಂದು ಗುಳಿಗೆ. ಅದಕ್ಕೂ ಕಟ್ಟಳೆ: ಬೀಳಬಾರದು, ಕೊಯ್ದುಕೊಳ್ಳಬಾರದು, ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಆಗಾಗ ನೋಡಿಸಬೇಕು, ತಪ್ಪಲು ಪಲ್ಲೆ ಒಂದು ದಿನ ಬುಟ್ಟಿ ತುಂಬ, ಒಂದು ದಿನ ಇಲ್ಲವೇ ಇಲ್ಲ ಎಂದು ತಿನ್ನಬಾರದು. ಹಸಿ ಮೆಂತ್ಯೆ ಇಲ್ಲದೆ ರೊಟ್ಟಿ ಮುಟ್ಟದವಳು ನಾನು, ಎಸಳು ಎಣಿಸಿ ತಿನ್ನುವ ಹಾಗಾಯಿತು.

ಆಗ ಎದ್ದದ್ದು ಮೊದಲಿನ ಗುಳಿಗೆಯ ಮಾತು. ಆಪರೇಷನ್ ಡಾಕ್ಟರು ಮಂಚದ ಒಂದು ಕಡೆ, ರಕ್ತ ತೆಳ್ಳಗೆ ಮಾಡುವ ಡಾಕ್ಟರು ಇನ್ನೊಂದು ಕಡೆ.

"ಕಂಕುಳ ಗಂಟಿನ್ಯಾಗ ರೋಗ ಇತ್ತು. ಈಗ ಬಿಡಸಿದರ ಕಾವಲು ತಗದಂಗ" ಎಂದರು ಅವರು.

"ಮುಂದುವರಿಸಿದರ ಗಡ್ಡಿಗೆ ಮತ್ತ ಬಾ ಅಂದಂಗ" ಎಂದರು ಇವರು.

ಇಬ್ಬರೂ ಒಳ್ಳೆಯವರು, ಒಬ್ಬರ ಮಾತಿಗೆ ಒಬ್ಬರು ಬೆಲೆ ಕೊಡುವವರು. ಅದೇ ನನಗೆ ದಿಗಿಲು. ಒಬ್ಬರು ತಪ್ಪು ಹೇಳುತ್ತಿದ್ದರೆ ಇನ್ನೊಬ್ಬರ ಮಾತು ಹಿಡಿಯಬಹುದಿತ್ತು. ಇಬ್ಬರೂ ಹೇಳುವುದು ಸರಿ ಎಂದರೆ ಹೆಂಗಸು ಎಲ್ಲಿಗೆ ಹೋಗಬೇಕು? ಕೊನೆಗೆ, ಸದ್ಯಕ್ಕೆ ನಿಲ್ಲಿಸೋಣ, ಕಾಲು ಹಿಡಿತಕ್ಕೆ ಬರಲಿ, ಮುಂದಿನದನ್ನು ಊರಿನ ಡಾಕ್ಟರ ಜೊತೆ ಕೂತು ನೋಡೋಣ, ನೀವೂ ವಿಚಾರ ಮಾಡಿರಿ ಎಂದು ಊರಿಗೆ ಕಳಿಸಿದರು. ವಿಚಾರ ಮಾಡುವುದನ್ನು ನನಗೆ ಬಿಟ್ಟವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮದುವೆಗೂ ಕೇಳಿರಲಿಲ್ಲ, ಸಾಲೆ ಬಿಡಿಸುವಾಗಲೂ ಕೇಳಿರಲಿಲ್ಲ.

ಕೆಲಸಕ್ಕೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಎದ್ದರೆ ಕೈ ಸುಮ್ಮನಿರುವುದಿಲ್ಲ. ನನ್ನ ಕೂಸುಗಳಿಗೆ ಈಗ ಯಾರು ಎರೆಯುತ್ತಿದ್ದಾರೋ, ನೆತ್ತಿಗೆ ಎಣ್ಣೆ ಒತ್ತುವುದು ಅವರಿಗೆ ಗೊತ್ತೋ ಇಲ್ಲವೋ. ಒಳಗೆ ಹೋಗುತ್ತೇನೆ, ಹೊರಗೆ ಬರುತ್ತೇನೆ. ಗುಳಿಗೆಯ ಪಟ್ಟಿ ದೇವರ ಗೂಡಿನಲ್ಲಿತ್ತು. ದಿನಕ್ಕೆ ಹತ್ತು ಸಲ ಅದನ್ನು ತೆಗೆದು ನೋಡಿ ಮತ್ತೆ ಇಡುತ್ತಿದ್ದೆ. ಒಂದು ದಿನ ನುಂಗಿದರೆ ಏನಾದೀತು ಎಂದು ಬಾಯಿಯವರೆಗೂ ತಂದಿದ್ದೆ. ಇನ್ನೊಂದು ದಿನ ಬಚ್ಚಲಿಗೆ ಎಸೆಯಲು ಹೋಗಿದ್ದೆ. ಎರಡೂ ಆಗಲಿಲ್ಲ. ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು: ಉಷ್ಣದ ಗುಳಿಗೆ, ಮಜ್ಜಿಗೆಯಲ್ಲಿ ತಗೊಂಡರೆ ಏನೂ ಆಗುವುದಿಲ್ಲ, ಅರ್ಧ ಮಾಡಿ ತಗೋ, ಒಂದು ದಿನ ಬಿಟ್ಟು ಒಂದು ದಿನ ತಗೋ.

ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿದೆ. ಬಾವು ಇಳಿದಿತ್ತು, ಪೂರಾ ಅಲ್ಲ. ತಗ್ಗು ಸರಿಯಾಗಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು. ಅಡುಗೆಗೆ ತಂದ ಸೋರೆಕಾಯಿ ಅಲ್ಲೇ ಇತ್ತು. ಎತ್ತಿ ಕಾಲಿನ ಮೇಲೆ ಇಟ್ಟು ಕೈ ಬಿಟ್ಟೆ. ಬಲಕ್ಕೆ ಹೊರಳಿ ಕೆಳಗೆ ಬಿತ್ತು. ಮತ್ತೆ ಇಟ್ಟೆ. ಅದೇ ಹೊತ್ತಿಗೆ ಬೂಬವ್ವ ಬಂದಳು.

"ಯಾ ಅಲ್ಲಾ! ಸೋರಿಕಾಯಿಗೆ ಎರ್ಯಾಕತ್ತೀಯಲ್ಲ ಅಕ್ಕಾ! ಗಂಡೋ ಹೆಣ್ಣೋ?"

"ಸುಮ್ನಿರ. ವಾಲತೈತೋ ಇಲ್ಲೋ ನೋಡಾಕತ್ತೇನಿ."

"ಹೆಸರೇನು ಇಟ್ಟಿ? ಲೋಬಾನ ತರಲೇನು, ಹೊಗಿ ಹಾಕಿ ಮಲಗಸೋಣು?"

ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು. ಆಮೇಲೆ ನನಗೆ ಬಂದ ನೀರು ನಿಲ್ಲಲಿಲ್ಲ. ಬೂಬವ್ವ ಸೋರೆಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಒದ್ದೆ ಕಲ್ಲಿನ ಮೇಲೆ ಕುಳಿತಳು.

ರಕ್ತ ನೋಡಿಸಲು ಹಾವೇರಿಗೆ ಹೋಗಬೇಕಾಗಿತ್ತು. ಅಲ್ಲಿ ಬಾಕಿನ ಮೇಲೆ ಕಾಯುತ್ತ ಕೂತಾಗ ಒಬ್ಬ ಹೆಣ್ಣುಮಗಳು ಪರಿಚಯವಾದಳು. ಹಾವೇರಿಯವಳೇ, ನನಗಿಂತ ಚಿಕ್ಕವಳು, ಹೊಲಿಗೆ ಕೆಲಸ. ಅವಳಿಗೂ ನನ್ನ ಹಾಗೇ ಆಪರೇಷನ್, ಅದೇ ಗುಳಿಗೆ. ಸೆರಗಿನ ಕೆಳಗೆ ಒಂದು ಕಡೆ ಅರಳೆ ತುಂಬಿದ ಚೀಲ ಹೊಲಿದು ಹಾಕಿಕೊಂಡಿದ್ದಳು. ನನಗೂ ಒಂದು ಹೊಲಿದುಕೊಡುತ್ತೇನೆಂದಳು. ಆಮೇಲೆ ನನ್ನ ಕಾಲು ನೋಡಿದಳು, ಕಥೆ ಕೇಳಿದಳು.

"ಯಕ್ಕಾ, ನಾ ನಾಳಿಂದ ಬಿಟ್ಟಬಿಡ್ತೀನಿ ಆ ಗುಳಿಗಿ."

"ನಿನ್ನ ಕಾಲು ಬಾತೈತೇನು?"

"ಇಲ್ಲ."

"ಉಸಿರು ಹಿಡದೈತೇನು? ರಕ್ತ ಕಂಡೈತೇನು?"

"ಇಲ್ಲಬಿಡು. ಮೈ ಕುದೀತೈತಿ ಅಷ್ಟ."

"ಮತ್ತ? ನನ್ನ ಕಾಲು ನೋಡಿ ನೀ ಯಾಕ ಬಿಡ್ತಿ? ನಿನಗ ಬಂದರ ಬಿಡು, ಅದೂ ಡಾಕ್ಟರನ್ನ ಕೇಳಿ ಬಿಡು. ಬರದ ಬಿಟ್ಟು ರೋಗ ಮತ್ತ ಬಂದರ ನಾ ಎಲ್ಲಿ ಹೋಗ್ಲೆವ್ವಾ ಆ ಪಾಪ ಹೊತಗೊಂಡು?"

ಬೈದೇಬಿಟ್ಟೆ. ಬಸ್ಸಿನಲ್ಲಿ ಮೋಟೆಬೆನ್ನೂರ ಕ್ರಾಸು ದಾಟುವವರೆಗೂ ನನ್ನ ಮಾತು ನನಗೇ ಕೇಳುತ್ತಿತ್ತು. ಗುಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಇಷ್ಟು ದಿನ ಕೇಳಿಕೊಂಡಿದ್ದೆ. ಬಿಸಿನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಯಾರಾದರೂ ಕೇಳಿದರೆ, ಯಾವ ಕೂಸಿಗೆ, ಹುಟ್ಟಿ ಎಷ್ಟು ದಿನವಾಯಿತು, ಹೊಕ್ಕಳು ಬಿದ್ದಿದೆಯೋ ಎಂದು ಕೇಳದೆ ನಾನು ಬಾಯಿ ತೆರೆಯುತ್ತೇನೆಯೇ? ಹಾವೇರಿಯವಳಿಗೆ ಆ ಗುಳಿಗೆ ಬೇಕು. ನನಗೆ? ನನ್ನ ಮೈಗೆ, ನನ್ನ ಕೆಲಸಕ್ಕೆ? ಆ ಪ್ರಶ್ನೆ ಹಿಡಿದುಕೊಂಡು ಸ್ಟ್ಯಾಂಡಿನಿಂದ ನೇರವಾಗಿ ಡಾಕ್ಟರ ಬಾಯಿಯವರ ಹತ್ತಿರ ಹೋದೆ.

"ಒಂದ ಮಾತು ಕೇಳ್ತೀನ್ರಿ. ಗುಳಿಗಿ ಬಿಟ್ಟು ರೋಗ ಬಂದರ ಅದು ಹೆಂಗ ಬರತೈತಿ? ಗುಳಿಗಿ ತಗೊಂಡು ಗಡ್ಡಿ ಎದಿಗೆ ಹೋದರ ಅದು ಹೆಂಗ ಬರತೈತಿ? ಎರಡರಾಗ ಯಾವದು ಹೇಳಿ ಬರತೈತಿ?"

ಅವರು ಪೆನ್ನು ಕೆಳಗಿಟ್ಟರು. "ಖಾತ್ರಿ ಅಂತ ಯಾವದೂ ಹೇಳಾಕಾಗೂದಿಲ್ಲ. ರೋಗ ಮರಳಿದರ ಬಹಳ ಸಲ ಸಾವಕಾಶ ಬರತೈತಿ. ಗಂಟು ಕೈಗೆ ಹತ್ತಬಹುದು, ಎಲುಬು ನೋಯಬಹುದು. ಆದರ ಒಳಗಿಂದೊಳಗ ಬಂದರ ತಡಾಗಿ ತಿಳೀಬಹುದು, ಅದೂ ಐತಿ. ಇನ್ನ ಗಡ್ಡಿ... ಈಗ ರಕ್ತ ತೆಳ್ಳಗ ಮಾಡೂ ಔಷಧ ಐತಿ, ಅಂಜಿಕಿ ಕಡಿಮಿ. ಅದನ್ನ ನಿಲ್ಲಿಸಿದ ಮ್ಯಾಲ ಈ ಗುಳಿಗಿ ನಡದಿದ್ದರ ಮತ್ತ ಕಟ್ಟಬಹುದು, ಕಟ್ಟದನೂ ಇರಬಹುದು. ಕಾಲಿಗೆ ಬಂದರ ಕಾಣತೈತಿ. ಎದಿಗೆ ಹೋದರ ಹೇಳಿ ಹೋಗೂದಿಲ್ಲ. ಮಾತಾಡಕೋತ ಕುಂತಾಕಿ ಹಂಗ ಬೀಳಬಹುದು."

"ಹಂಗಾರ ಬಿಡ್ತೀನ್ರಿ."

"ಅಷ್ಟು ಲಗೂ?"

"ಲಗೂ ಅಲ್ರಿ. ನಾ ಕುಂತಾಗ ನನ್ನ ಕಾಲ ಮ್ಯಾಲ ಮಂದಿ ಕೂಸಿರತೈತಿ. ಬಾಜೂಕ ಸುಡು ನೀರಿನ ಹಂಡೆ ಇರತೈತಿ. ನಾ ಬಿದ್ದರ ಒಬ್ಬಾಕಿನ ಬೀಳೂದಿಲ್ಲ. ರೋಗ ಬರೂದಾದರ ನನ್ನೊಬ್ಬಾಕಿಗೆ ಬರಲಿ, ಬಂದದ್ದು ತಿಳದ ಮ್ಯಾಲ ಮಂದಿ ಕೂಸು ಮುಟ್ಟೂದನ್ನ ಬಿಟ್ಟೇನು."

ಅವರು ಅಲ್ಲಿಂದಲೇ ಹುಬ್ಬಳ್ಳಿಗೆ ಫೋನು ಮಾಡಿದರು. ಆಪರೇಷನ್ ಡಾಕ್ಟರಿಗೆ ಪೂರಾ ಮನಸ್ಸಿರಲಿಲ್ಲ ಎಂದು ಈ ಕಡೆಯ ಮಾತಿನಿಂದಲೇ ತಿಳಿಯುತ್ತಿತ್ತು. ಆದರೂ ಗಡ್ಡೆ ಕಟ್ಟಿದವಳಿಗೆ ಒತ್ತಾಯ ಮಾಡುವುದಿಲ್ಲ ಎಂದರಂತೆ. ಡಾಕ್ಟರ ಬಾಯಿ ನನಗೆ ಬೆರಳು ಎತ್ತಿ ಹೇಳಿದರು: "ಬಿಡೂದು ಅಂದರ ಮರಿಯೂದಲ್ಲ. ಮೂರು ತಿಂಗಳಿಗೊಮ್ಮೆ ನನ್ನ ಮುಂದ ಬಂದು ಕುಂದ್ರಬೇಕು. ಉಳದ ಎದಿ, ಕಂಕುಳು ನೀವ ಕೈಲೆ ನೋಡಕೋಬೇಕು. ಕೂಸಿನ ಮೈ ತಿಕ್ಕಾಕ ಇಷ್ಟು ಶಾಣ್ಯಾ ಕೈ, ತನ್ನ ಮೈ ನೋಡಾಕ ನಾಚಬಾರದು. ಮತ್ತ ಒಂದೂವರಿ ವರ್ಷ ತಗೊಂಡಿದ್ದು ಸುಮ್ನ ಹೋತು ಅಂತ ತಿಳೀಬ್ಯಾಡ್ರಿ. ಅದು ತನ್ನ ಕೆಲಸ ಮಾಡೈತಿ."

ನಿರ್ಧಾರ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಬೆನ್ನು ನೋವಾದರೆ ಎಲುಬಿಗೆ ಬಂತು, ಕೆಮ್ಮಿದರೆ ಎದೆಗೆ ಬಂತು ಎಂಬ ದಿಗಿಲು. ಸ್ನಾನಕ್ಕೆ ಹೋದರೆ ಕೈ ಕಂಕುಳು ಬಿಟ್ಟು ಬರುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ನನ್ನ ಸ್ನಾನಕ್ಕೆಂದೇ ಬೆರೆಸಿದ ನೀರಿಗೆ ಮೊಣಕೈ ಅದ್ದಿದೆ. ಬಿಸಿ ಹೆಚ್ಚಾಗಿದೆ ಎಂದು ಅದು ಹೇಳಿತು. ತಣ್ಣೀರು ಬೆರೆಸಿದೆ. ಈಗ ಸರಿ ಎಂದಿತು. ಬೂಬವ್ವನನ್ನು ಕೂಗಿ ಕರೆದು ಅದ್ದಿಸಿದೆ. "ಹದ ಐತಿ" ಎಂದಳು. ಕುದಿ ಹೋಗಿತ್ತು! ನನ್ನ ಮೊಣಕೈ ನನಗೆ ತಿರುಗಿ ಬಂದಿತ್ತು. ಅಷ್ಟಕ್ಕೇ ಬೂಬವ್ವನಿಗೆ ಚಹಾ ಮಾಡಿ ಕುಡಿಸಿದೆ.

ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಮುಗಿಸಿಕೊಂಡು ಮಗಳು ನನ್ನ ಮನೆಗೆ ಬಂದಳು. ಅವಳ ಹೆರಿಗೆಯ ಹೊತ್ತಿಗೆ ರಕ್ತ ತೆಳ್ಳಗೆ ಮಾಡುವ ಔಷಧವನ್ನೂ ಡಾಕ್ಟರು ನಿಲ್ಲಿಸಿದ್ದರು. ಎರಡು ಮನೆಯ ಕೆಲಸವನ್ನೂ ಮತ್ತೆ ಹಿಡಿಯಬಹುದು, ಆದರೆ ಬಹಳ ಹೊತ್ತು ಕಾಲು ಚಾಚಿ ಕೂರಬಾರದು, ನಡುನಡುವೆ ಎದ್ದು ಅಡ್ಡಾಡಬೇಕು ಎಂದಿದ್ದರು. ನಾನು ಯಾವ ಮನೆಗೂ ಹೋಗಿರಲಿಲ್ಲ. ಮೊದಲು ನನ್ನ ಕೂಸು.

ಹೆಣ್ಣು ಹುಟ್ಟಿತು. ಹೇಗಿತ್ತು ಎಂದು ಬರೆಯಲು ಹೋದರೆ ಇಡೀ ಹಾಳೆ ತುಂಬಿದರೂ ಮುಗಿಯುವುದಿಲ್ಲ. ಎಷ್ಟೋ ಕೂಸುಗಳನ್ನು ಹಿಡಿದ ಕೈ ಇದು; ಅವಳ ಬೆರಳುಗಳನ್ನು ಎರಡೆರಡು ಸಲ ಎಣಿಸಿತು. ಡಾಕ್ಟರ ಬಾಯಿ "ಹೊಸದಾಗಿ ಕೂಸು ನೋಡಿದವರಂಗ ಮಾಡ್ತೀರಲ್ಲ" ಎಂದರು. ಹೌದು, ಹೊಸದಾಗಿಯೇ ನೋಡಿದೆ. ಅಳಿಯ ಬ್ಯಾಡಗಿಯಿಂದ ಓಡಿ ಬಂದ. ಅಂಗಡಿಯ ಬಟ್ಟೆಯಲ್ಲೇ ಬಂದಿದ್ದ, ಕೂಸು ಸೀನಿತು. ಅವನನ್ನು ಹೊರಗೆ ಕಳಿಸಿ ಬಟ್ಟೆ ಬದಲಿಸಿ ಬರುವಂತೆ ಮಾಡಿದೆ.

ಈಗಿನ ಮಾತನ್ನೂ ಹೇಳಿಬಿಡುತ್ತೇನೆ. ರೋಗ ಇಲ್ಲಿಯವರೆಗೆ ಮರಳಿಲ್ಲ. ಮರಳುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಹಾವೇರಿಯ ಹೊಲಿಗೆಯವಳು ಗುಳಿಗೆಯನ್ನು ಡಾಕ್ಟರು ಹೇಳಿದಷ್ಟು ವರ್ಷ ತಪ್ಪದೆ ನುಂಗಿ ಮುಗಿಸಿದಳು. ಅವಳ ಕಾಲಿಗೆ ಬಾವು ಬರಲಿಲ್ಲ, ಅವಳೂ ಗಟ್ಟಿಯಾಗಿದ್ದಾಳೆ. ಅವಳು ಹೊಲಿದುಕೊಟ್ಟ ಅರಳೆಯ ಚೀಲವನ್ನೇ ನಾನು ಈಗಲೂ ಹಾಕಿಕೊಳ್ಳುವುದು. ಬಿಟ್ಟ ನಾನೂ ಇದ್ದೇನೆ, ಬಿಡದ ಅವಳೂ ಇದ್ದಾಳೆ. ಇದನ್ನು ಓದಿ ಯಾರಾದರೂ ಗುಳಿಗೆ ಬಿಟ್ಟರೆ ನಾನು ಅವರ ಮನೆಗೆ ಬಂದು ಬೈಯುತ್ತೇನೆ.

ಹೊಕ್ಕಳು ಬಿದ್ದು ಒಣಗಿದ ಮೇಲೆ ಕಾಲಿನ ಮೇಲೆ ಹಾಕಿ ಎರೆಯುವ ದಿನ ಬಂತು. ಹಂಡೆಯ ನೀರು ಕಾದಿತ್ತು. ಮಣೆ ಹಾಕಿದೆ, ಗೋಡೆಗೆ ಬೆನ್ನು ಕೊಟ್ಟೆ, ಕಾಲು ಚಾಚಿದೆ. ಎಡಗಾಲು ಮೊದಲಿನ ಹಾಗೆ ಆಗಿರಲಿಲ್ಲ. ಅದು ಮುಂದೆಯೂ ಆಗಲಿಲ್ಲ, ಇವತ್ತಿಗೂ ಬಲಗಾಲಿಗಿಂತ ಒಂದು ಸುತ್ತು ದಪ್ಪವೇ. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಬೂಬವ್ವ ಹೊಸ್ತಿಲ ಹತ್ತಿರ ಕೂತಿದ್ದಳು.

"ತಾರವ್ವಾ" ಎನ್ನಬೇಕು. ಅನ್ನದೆ ಕಾಲುಗಳನ್ನೇ ನೋಡುತ್ತ ಕೂತೆ.

"ಯಾಕವ್ವಾ?"

"ವಾಲತೈತಿ."

"ಇನ್ನೂ ಹಾಕೇ ಇಲ್ಲಲ್ಲ!"

"ಹಾಕಿದರ ವಾಲತೈತಿ. ನನಗ ಗೊತ್ತು."

ಬೂಬವ್ವ ಎದ್ದು ಅಡುಗೆಮನೆಗೆ ಹೋದಳು. ಬಂದಾಗ ಒಂದು ಕೈಯಲ್ಲಿ ನನ್ನ ಹಳೆಯ ಸೀರೆ, ಇನ್ನೊಂದು ಕೈಯಲ್ಲಿ ಸೋರೆಕಾಯಿ. ಸೀರೆಯನ್ನು ಉದ್ದಕ್ಕೆ ಮಡಿಸಿ ನನ್ನ ಬಲಗಾಲಿನ ಮೇಲೆ ಹಾಸಿದಳು. ಸೋರೆಕಾಯಿ ಇಟ್ಟಳು. ವಾಲಿತು. ಇನ್ನೊಂದು ಮಡಿಕೆ ಹಾಕಿದೆವು. ಸೋರೆಕಾಯಿ ಸ್ವಲ್ಪ ಅಲುಗಾಡಿತು, ನಿಂತಿತು. ನಾನು ಕಾಲು ಅಲುಗಾಡಿಸಿದೆ. ಆದರೂ ನಿಂತಿತು.

"ಇಕಿ ಹಿರೇ ಮೊಮ್ಮಗಳು ಅಕ್ಕಾ, ಎರಕೊಂಡಾತು" ಎಂದು ಬೂಬವ್ವ ಸೋರೆಕಾಯಿಯನ್ನು ಎತ್ತಿಕೊಂಡಳು. "ಈಗ ಸಣ್ಣಾಕಿನ ತಾ."

ಮೊಣಕೈ ಅದ್ದಿದೆ. ಹದವಾಗಿತ್ತು, ಯಾರನ್ನೂ ಕೇಳಲಿಲ್ಲ. ಮಗಳ ಕೈಯಿಂದ ತೆಗೆದುಕೊಂಡು ಅಂಗಾತ ಮಲಗಿಸಿದೆ. ನೆತ್ತಿಗೆ ಎಣ್ಣೆ, ಎದೆಗೆ, ಹೊಟ್ಟೆಗೆ, ಮುಷ್ಟಿ ಬಿಡಿಸಿ ಅಂಗೈಗೆ. ಮೊದಲು ಅತ್ತಳು, ಬಿಸಿ ತಾಗಿದ ಮೇಲೆ ಅಳು ನಿಲ್ಲಿಸಿ ನನ್ನನ್ನೇ ನೋಡತೊಡಗಿದಳು. ಆಮೇಲೆ ಮೆಲ್ಲಗೆ ಬೋರಲು ಹಾಕಿದೆ. ಒಂದು ಕೈ ಅವಳ ಬೆನ್ನಿನ ಮೇಲೆಯೇ ಇತ್ತು. ಚೆರಿಗೆ ಎತ್ತಬೇಕಿತ್ತು. ಕಡ್ಲೆಹಿಟ್ಟು ತಿಕ್ಕಬೇಕಿತ್ತು.

ಎರಡೂ ಕೈ ಬಿಟ್ಟೆ.

ನನ್ನ ಕಾಲು ಅವಳನ್ನು ಹಿಡಿದವು.